ನಗು ಮೊದಲು, ಮಾತು ಆಮೇಲೆ

ಬೇಸಿಗೆ ಬಂತು ಅಂದ್ರೆ ಬೆಂಗಳೂರಲ್ಲಿ ರಾಮನವಮಿ ಸಂಗೀತ. ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರೋ ದೊಡ್ಡ ಉತ್ಸವ ಎಲ್ಲರಿಗೂ ಗೊತ್ತು. ಅದನ್ನ ಬಿಟ್ಟು ಬಡಾವಣೆ ಬಡಾವಣೆಗೂ ಒಂದೊಂದು ಪೆಂಡಾಲ್ ಏಳುತ್ತೆ. ಶನಿವಾರ ಅಂಥದ್ದೊಂದು ಪೆಂಡಾಲಿನಲ್ಲಿ ಕಛೇರಿ ಕೇಳಿ, ಭಾನುವಾರ ಮಲ್ಟಿಪ್ಲೆಕ್ಸಿನಲ್ಲಿ 'ತಿಥಿ' ನೋಡಿದೆ. ಎರಡರಲ್ಲೂ ವೇದಿಕೆಯಷ್ಟೇ ಗಮನ ನನ್ನ ಅಕ್ಕಪಕ್ಕ ಕೂತವರ ಮೇಲೂ ಇತ್ತು.

ಕಛೇರಿ ಬಗ್ಗೆ ಬೇಗ ಮುಗಿಸ್ತೀನಿ. ಹಾಡಿದವರು ಚೆನ್ನಾಗೇ ಹಾಡಿದ್ರು. ಮೈಕಿನವನು ಮಾತ್ರ ಪಿಟೀಲನ್ನ ನುಂಗಿ ನೀರು ಕುಡಿದಿದ್ದ. ನನಗೆ ಬೇಕಾಗಿದ್ದು ತನಿ ಆವರ್ತನ. ಮೃದಂಗ, ಘಟ ಎರಡೂ ಸರದಿ ಮೇಲೆ ನುಡಿಸ್ತಾ, ಸರದಿಯನ್ನ ಚಿಕ್ಕದು ಮಾಡ್ತಾ ಮಾಡ್ತಾ ಕೊನೆಗೆ ಒಟ್ಟಿಗೆ ಸೇರಿ, ಕೋರ್ವೆ ಮುಗಿಸಿ, ಪಲ್ಲವಿಯ ಸಾಲನ್ನ ಸರಿಯಾದ ಜಾಗದಲ್ಲಿ ಹಾಡುಗಾರರ ಕೈಗೆ ವಾಪಸ್ ಕೊಡ್ತಾರಲ್ಲ, ಆ ಹತ್ತು ನಿಮಿಷ. ತನಿ ಶುರುವಾದ ತಕ್ಷಣ ಮುಂದಿನ ನಾಲ್ಕು ಸಾಲು ಕಾಫಿಗೆ ಎದ್ದು ಹೋಯ್ತು! ನಮ್ಮೂರಲ್ಲಿ ತಮಟೆ ಶುರುವಾದ್ರೆ ಮನೆ ಒಳಗಿದ್ದವರೂ ಹೊರಗೆ ಬರ್ತಾರೆ. ಇಲ್ಲಿ ಮೃದಂಗ ಶುರುವಾದ್ರೆ ಒಳಗಿದ್ದವರು ಹೊರಗೆ ಹೋಗ್ತಾರೆ. ಮಾತಿಲ್ಲದ, ರಾಗವಿಲ್ಲದ ಹೊತ್ತು ಅವರ ಪಾಲಿಗೆ ಇಂಟರ್ವಲ್.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, 'ತಿಥಿ' ತುಂಬ ಇರೋದೇ ಅಂಥ ಹೊತ್ತು. ಹಿನ್ನೆಲೆ ಸಂಗೀತ ಇಲ್ಲ. ಕುರಿಗಳ ಸದ್ದು, ಮೋಟಾರ್ ಬೈಕು, ಬೈಗುಳ ಎಲ್ಲ ಅಲ್ಲಲ್ಲೇ ಹಿಡಿದ ಶಬ್ದ. ರಾಮ್ ರೆಡ್ಡಿ ನಿರ್ದೇಶನ, ಜೊತೆಗೆ ಕತೆ ಕಟ್ಟಿದವರು ಮಂಡ್ಯ ಸೀಮೆಯ ನೊದೆಕೊಪ್ಪಲಿನ ಈರೇಗೌಡ. ನಟಿಸಿದವರು ಆ ಕಡೆ ಹಳ್ಳಿಗಳ ಜನ, ಮೊದಲು ಕ್ಯಾಮೆರಾ ಕಂಡವರಲ್ಲ. 2015ರಲ್ಲಿ ಲೊಕಾರ್ನೋದಲ್ಲಿ ಪ್ರಶಸ್ತಿ ಪಡೆದು, 2016ರ ಮೇನಲ್ಲಿ ನಮ್ಮಲ್ಲಿಗೆ ಬಂತು. ಕತೆ ಒಂದು ಸಾಲಿನದು: ನೂರೊಂದು ವರ್ಷದ ಸೆಂಚುರಿ ಗೌಡ ಸಾಯ್ತಾನೆ, ಹನ್ನೊಂದನೇ ದಿನ ತಿಥಿ, ಅಷ್ಟರೊಳಗೆ ಮಗ, ಮೊಮ್ಮಗ, ಮರಿಮಗ ಮೂವರೂ ತಮ್ಮ ತಮ್ಮ ದಾರಿ ಹಿಡೀತಾರೆ.

ಸಂಗೀತ ಇಲ್ಲ ಅಂದ್ರೆ ಎಲ್ಲಿ ನಗಬೇಕು, ಎಲ್ಲಿ ಅಳಬೇಕು ಅಂತ ಯಾರೂ ಹೇಳಿಕೊಡಲ್ಲ. ನಮ್ಮ ಶೋನಲ್ಲಿ ಆ ಕೆಲಸ ಇಂಗ್ಲಿಷ್ ಸಬ್‌ಟೈಟಲ್ ಮಾಡ್ತು. ಪಾತ್ರ ಬಾಯಿ ತೆಗೆಯೋಕೆ ಮುಂಚೆ ಅಕ್ಷರ ಓದಿ ಜನ ನಕ್ಕುಬಿಡೋರು, ಆ ನಗುವಿನಲ್ಲಿ ಮಾತೇ ಮುಳುಗಿಹೋಗೋದು. ಕನ್ನಡ ಸಿನಿಮಾ, ಕನ್ನಡದ ಜನ, ಕನ್ನಡ ಮಾತ್ರ ಕೇಳಿಸ್ತಿಲ್ಲ. ಸೆಂಚುರಿ ಗೌಡ ರಸ್ತೆ ಬದಿ ಕೂತು ಹೋಗೋರು ಬರೋರನ್ನೆಲ್ಲ ಬೈಯೋದು ನಗಿಸುತ್ತೆ, ನಾನೂ ನಕ್ಕೆ. ಆದ್ರೆ ಆ ಬೈಗುಳದಲ್ಲಿ ಅರ್ಧ ಸಲುಗೆ. ಸಬ್‌ಟೈಟಲ್‌ಗೆ ಬರೀ ಹೊಲಸು ಅಷ್ಟೇ ಸಿಗುತ್ತೆ.

ಮೊಮ್ಮಗ ತಮ್ಮಣ್ಣನ ವಿಷಯಕ್ಕೆ ಬಂದಾಗ ನನಗೆ ನಗು ಬರಲಿಲ್ಲ. ಐದು ಎಕರೆ ಜಮೀನು ಇನ್ನೂ ಸತ್ತ ತಾತನ ಹೆಸರಲ್ಲಿದೆ. ಅಪ್ಪ ಗಡ್ಡಪ್ಪನಿಗೆ ಜಮೀನೂ ಬೇಡ, ಸಹಿಯೂ ಬೇಡ. ಟೈಗರ್ ಬ್ರಾಂದಿ, ಹುಲಿ-ಕುರಿ ಆಟ ಇದ್ರೆ ಸಾಕು. ಅದಕ್ಕೆ ತಮ್ಮಣ್ಣ ಬದುಕಿರೋ ಅಪ್ಪನಿಗೇ ಮರಣ ಪತ್ರ ಮಾಡಿಸ್ತಾನೆ. ಥಿಯೇಟರ್ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಪೌತಿ ಖಾತೆಗೋಸ್ಕರ ತಾಲ್ಲೂಕಾಫೀಸು ಸುತ್ತಿದ ಮನೆಯವರಿಗೆ ಗೊತ್ತು, ಇದರಲ್ಲಿ ಉತ್ಪ್ರೇಕ್ಷೆ ಎಷ್ಟು ಕಮ್ಮಿ ಅಂತ. ತಾತನ ಹೆಸರಿನ ಪಹಣಿ ಇಟ್ಟುಕೊಂಡು ಮಗನ ಬಿಇ ಫೀಸಿಗೆ ಸಾಲ ಹುಟ್ಟಿಸೋದು ಹೇಗೆ ಅಂತ ನಮ್ಮಪ್ಪನನ್ನ ಕೇಳಿ. ಸಿನಿಮಾ ತಮ್ಮಣ್ಣನನ್ನ ಖಳ ಮಾಡಲ್ಲ, ಪಾಪದವನೂ ಮಾಡಲ್ಲ. ಕಂಡವರ ಹತ್ತಿರ ಸಾಲ ಎತ್ತಿ, ಬೆವರಿ, ಸುಳ್ಳು ಹೇಳ್ಕೊಂಡು ಓಡಾಡೋನ ಹಿಂದೆ ಕ್ಯಾಮೆರಾ ಸುಮ್ನೆ ಹೋಗ್ತಾ ಇರುತ್ತೆ. ಇಡೀ ಸಿನಿಮಾದಲ್ಲಿ ದಿನಾ ಕೆಲಸಕ್ಕೆ ಅಂತ ಏಳೋನು ಅವನೊಬ್ಬನೇ, ಎಲ್ಲರೂ ಪ್ರೀತಿಸೋದು ಮಾತ್ರ ಏನೂ ಮಾಡದೆ ನಡೆಯೋ ಗಡ್ಡಪ್ಪನನ್ನ. ತಿಂಗಳ ಸಂಬಳದವರಾದ ನಮಗೆ ಗಡ್ಡಪ್ಪ ಸಂತನ ಥರ ಕಾಣೋದು ಸುಲಭ. ಅವನ ಮಗನಾಗಿ ಹುಟ್ಟಿದ್ರೆ ಗೊತ್ತಾಗ್ತಿತ್ತು.

ಕೊರತೆ ಇಲ್ಲವೇ? ಇದೆ. ಮರಿಮಗ ಅಭಿ ಕುರಿಗಾಹಿ ಹುಡುಗಿ ಕಾವೇರಿ ಹಿಂದೆ ಬೀಳೋ ಭಾಗ ಉಳಿದದ್ದರ ಮುಂದೆ ತೆಳು. ಗಂಡಸರ ಮೂರು ತಲೆಮಾರಿಗೂ ಒಂದೊಂದು ತಿಕ್ಕಲು ಕೊಟ್ಟ ಸಿನಿಮಾ ಆ ಹುಡುಗಿಗೆ ಏನು ಬೇಕು ಅಂತ ಸರಿಯಾಗಿ ಕೇಳೋದೇ ಇಲ್ಲ. ಅವಳನ್ನ ನಾವೂ ಅಭಿಯ ಕಣ್ಣಲ್ಲೇ ನೋಡ್ತೀವಿ. ಇಷ್ಟು ಸೂಕ್ಷ್ಮವಾಗಿ ಹಳ್ಳಿ ಕಂಡವರಿಗೆ ಅದು ಕಾಣಬೇಕಿತ್ತು.

ಆಮೇಲೆ ಆ ಬೆಂಕಿಯ ದೃಶ್ಯ. ಕುರಿಗಾಹಿಗಳ ಜೊತೆ ರಾತ್ರಿ ಕೂತ ಗಡ್ಡಪ್ಪ ತನ್ನ ಬದುಕಿನಲ್ಲಿ ನಡೆದದ್ದನ್ನ ಹೇಳ್ತಾನೆ. ಏನು ಅಂತ ಬರೆಯಲ್ಲ, ನೋಡದವರಿಗೆ ಅನ್ಯಾಯ ಆಗುತ್ತೆ. ಹೇಳೋ ರೀತಿ ಮಾತ್ರ ಹೇಳಬಹುದು: ಅಳು ಇಲ್ಲ, ಏರಿಳಿತ ಇಲ್ಲ, ಮಳೆ ಬೆಳೆ ಬಗ್ಗೆ ಹೇಳೋ ದನಿಯಲ್ಲೇ. ಅವನನ್ನ ನೋಡಿ ಅಷ್ಟು ಹೊತ್ತು ನಕ್ಕಿದ್ದ ಥಿಯೇಟರಿನಲ್ಲಿ ಪಾಪ್‌ಕಾರ್ನ್ ಸದ್ದೂ ಇರಲಿಲ್ಲ. ಪಕ್ಕದ ಸೀಟಿನವನು ಮಾತು ಮುಗಿಯೋವರೆಗೂ ಸಬ್‌ಟೈಟಲ್ ಕಡೆ ನೋಡದೆ ಗಡ್ಡಪ್ಪನ ಮುಖವನ್ನೇ ನೋಡ್ತಿದ್ದ.