ಖಾಲಿ ಮಾಡ್: ಒಂದು ಮೆಟಲ್ ರಾತ್ರಿಯ ಕನ್ನಡ

ಬೆಂಗಳೂರಿನ ಒಂದು ಡೂಮ್ ಮೆಟಲ್ ತಂಡದ ಹೆಸರು ಬೇವರ್ ಸೀ. ಇಂಗ್ಲಿಷ್ ಅಕ್ಷರಗಳಲ್ಲಿ ನೋಡಿದರೆ ಭೂಪಟದ ಮೂಲೆಯಲ್ಲೆಲ್ಲೋ ಇರುವ ಸಮುದ್ರದಂತೆ ಕಾಣುತ್ತದೆ. ಬಾಯಿಬಿಟ್ಟು ಓದಿದರೆ ‘ಬೇವರ್ಸಿ’. ವಾರಸುದಾರರಿಲ್ಲದ್ದು ಎಂಬ ಅರ್ಥದಿಂದ ಹೊರಟು ನಮ್ಮಲ್ಲಿ ಬೈಗುಳವಾಗಿ ನೆಲೆ ನಿಂತ ಪದ. 2012ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ‘ಅಬಿಷ್ಟು’ ಎಂಬ ಹಾಡೂ ಇದೆ. ಆದರೆ ಹೆಸರುಗಳನ್ನು ದಾಟಿ ಒಳಗೆ ಹೋದರೆ ಸಿಗುವುದು ಬಹುಮಟ್ಟಿಗೆ ಇಂಗ್ಲಿಷ್. ಈ ಊರಿನ ಮೆಟಲ್‌ನಲ್ಲಿ ಕನ್ನಡದ ಜಾಗ ಹೆಚ್ಚುಕಡಿಮೆ ಇದೇ: ಬೋರ್ಡಿನ ಮೇಲೆ, ಬೈಗುಳದಲ್ಲಿ, ಎರಡು ಹಾಡುಗಳ ನಡುವಿನ ಹರಟೆಯಲ್ಲಿ.

ಅದೇ ಕನ್ನಡ ಹಾಡಿನ ಒಳಗೆ ಬಂದರೆ ಏನಾಗುತ್ತದೆ ಎಂದು ಕೇಳುವ ಅವಕಾಶ ಈಚೆಗೆ ಕೋರಮಂಗಲದ ಒಂದು ಬಾರಿನಲ್ಲಿ ಸಿಕ್ಕಿತು. ಒಂದೇ ರಾತ್ರಿ ಮೂರು ಸ್ಥಳೀಯ ತಂಡಗಳು. ಬೆಂಗಳೂರಿಗೆ ಈ ಸಂಗೀತ ಹೊಸದೇನಲ್ಲ. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಹತ್ತಿತು. ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದುಹೋದವು. ದೊಡ್ಡವರಿಗೆ ಮೈದಾನ, ಊರಿನವರಿಗೆ ಬಾರು. ಆ ಬಾರಿನ ನೆಲವೂ ಅಷ್ಟೇನು ಗಟ್ಟಿಯಲ್ಲ. ಮನರಂಜನಾ ಸ್ಥಳಗಳ ಪರವಾನಗಿ ಕುರಿತ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ನಗರದ ಹಲವು ಬಾರುಗಳಲ್ಲಿ ನೇರ ಸಂಗೀತವೇ ನಿಂತಿತ್ತು.

ಮೊದಲ ತಂಡದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಚೆನ್ನಾಗಿ ನುಡಿಸಿದರು, ಬೇರೆಯವರಂತೆ ನುಡಿಸಿದರು. ಎರಡನೆಯವರ ಒಂದು ಹಾಡು ಏಳರ ಲೆಕ್ಕದಲ್ಲಿತ್ತು. ಡ್ರಮ್ಮರ್ ಅದನ್ನು ಮೂರು ಮತ್ತು ನಾಲ್ಕಾಗಿ ಒಡೆಯುತ್ತಿದ್ದ. ಸುತ್ತ ನಿಂತವರು ತಲೆ ಕುಣಿಸುತ್ತಿದ್ದಾಗ ನಾನು ತೊಡೆಯ ಮೇಲೆ ಬೆರಳು ಮಡಿಸುತ್ತಿದ್ದೆ. ಭಾಮಿನಿ ಷಟ್ಪದಿಯ ಲೆಕ್ಕವೂ ಮೂರು, ನಾಲ್ಕು, ಮೂರು, ನಾಲ್ಕು ಎಂದೇ ನಡೆಯುತ್ತದೆ. ಇದರಿಂದ ಕುಮಾರವ್ಯಾಸನನ್ನು ಮೆಟಲ್‌ನ ಮೂಲಪುರುಷನೆಂದು ಸಾರುವ ಇರಾದೆ ನನಗಿಲ್ಲ. ‘ನಮ್ಮಲ್ಲೂ ಮೊದಲೇ ಇತ್ತು’ ಎನ್ನುವ ಪ್ರಬಂಧಗಳನ್ನು ವಿಭಾಗದ ವಿಚಾರ ಸಂಕಿರಣಗಳಲ್ಲಿ ಬೇಕಾದಷ್ಟು ಕೇಳಿದ್ದಾಗಿದೆ. ಏಳರ ನಡೆ ಕನ್ನಡದ ಕಿವಿಗೆ ಅಪರಿಚಿತವಲ್ಲ ಎನ್ನುವಷ್ಟಕ್ಕೆ ಮಾತ್ರ ಈ ಮಾತು.

ಕನ್ನಡದಲ್ಲಿ ಹಾಡಿದ್ದು ಮೂರನೆಯ ತಂಡ, ಎರಡು ಹಾಡು. ಎರಡರ ನಡುವೆ ಇದ್ದ ಅಂತರ ನನ್ನನ್ನು ಇನ್ನೂ ಬಿಟ್ಟಿಲ್ಲ.

ಮೊದಲನೆಯದರ ತುಂಬ ಅಂಧಕಾರ, ಮೃತ್ಯು, ಶಾಪ, ರುದ್ರಭೂಮಿ. ಇಂಗ್ಲಿಷ್ ಮೆಟಲ್‌ನ ಶಬ್ದಭಂಡಾರಕ್ಕೆ ನಿಘಂಟಿನಲ್ಲಿ ಸಮಾನಾರ್ಥಕ ಹುಡುಕಿ ಜೋಡಿಸಿದಂತಿತ್ತು. ಹಾಡು ಎದ್ದು ನಿಲ್ಲಲಿಲ್ಲ. ಪದಗಳು ಹಳೆಯವು ಎಂಬ ತಕರಾರು ನನ್ನದಲ್ಲ. ತೊಂದರೆ ಗಂಟಲಿನದು. ಗ್ರೌಲ್ ಎನ್ನುವ ಗುರುಗುಟ್ಟುವ ದನಿಯಲ್ಲಿ ಸ್ವರಗಳು ಮಸುಕಾಗಿ ಒಂದರಂತೆ ಇನ್ನೊಂದು ಕೇಳಿಸುತ್ತವೆ. ಅರ್ಥವನ್ನು ಹೊರಬೇಕಾದದ್ದು ನಾಲಗೆ, ಹಲ್ಲು, ತುಟಿಗಳಲ್ಲಿ ಹುಟ್ಟುವ ವ್ಯಂಜನಗಳು. ಇಂಗ್ಲಿಷಿನಲ್ಲಿ ಎಷ್ಟೋ ಪದಗಳು ವ್ಯಂಜನದಲ್ಲಿ ಮುಗಿಯುತ್ತವೆ, ಬಾಗಿಲು ಬಡಿದಂತೆ. ಬರೆಹದ ಕನ್ನಡ ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತದೆ, ಬಾಗಿಲು ತೆರೆದೇ ಇರುತ್ತದೆ. ‘ಅಂಧಕಾರ’ದ ಕೊನೆಯ ಅಕಾರ ಎಳೆದು ಎಳೆದು ಗಿಟಾರಿನ ಸದ್ದಿನಲ್ಲಿ ಕರಗಿಹೋಯಿತು. ಇನ್ನು ಮಹಾಪ್ರಾಣ ಯಾರಿಗೂ ಕೇಳಿಸಲಿಲ್ಲ. ಶಂಕರ ಭಟ್ಟರು ಪುಸ್ತಕಗಟ್ಟಲೆ ವಾದಿಸಿ ಕೈಬಿಡಿ ಎಂದದ್ದನ್ನು ಈ ಹುಡುಗ ಒಂದು ಮಾತೂ ಆಡದೆ ಕೈಬಿಟ್ಟಿದ್ದ.

ಎರಡನೆಯ ಹಾಡಿನ ಪಲ್ಲವಿ ಎರಡೇ ಪದ: ‘ಖಾಲಿ ಮಾಡ್’. ಬಾಡಿಗೆ ಮನೆಯ ಹಾಡು. ಓನರ್, ಅಡ್ವಾನ್ಸು, ನೀರಿನ ಬಿಲ್ಲು, ಪೇಂಟಿಂಗಿಗೆಂದು ಮುರಿದುಕೊಂಡ ಒಂದು ತಿಂಗಳ ಬಾಡಿಗೆ. ಇದು ಆಡುಮಾತಿನಲ್ಲಿತ್ತು. ಆಡುವಾಗ ನಾವು ಕೊನೆಯ ಉಕಾರವನ್ನು ಲೀಲಾಜಾಲವಾಗಿ ನುಂಗುತ್ತೇವೆ: ಮಾಡ್, ಹೋಗ್, ಕೊಡ್. ನಡುವಿನ ಸ್ವರಗಳನ್ನೂ ಬಿಡುವುದಿಲ್ಲ: ಹೇಳ್ದೆ, ಕೇಳ್ದೋರ್ಯಾರು. ಬಾಗಿಲು ಬಡಿಯುವ ಕನ್ನಡ ನಮ್ಮ ಬಾಯಲ್ಲೇ ಇತ್ತು. ‘ಮಾಡ್’ನ ಡಕಾರ ಬೇಸ್ ಡ್ರಮ್ಮಿನ ಒದೆತದ ಮೇಲೆ ಸರಿಯಾಗಿ ಬಿದ್ದಾಗ ಮೈ ಜುಮ್ಮೆಂದಿತು. ಸಾಲುಗಳ ಆರಂಭ ಗಮನಿಸಿ: ‘ಕೂಲಿ’, ‘ಸಾಲ’, ‘ಖಾಲಿ’. ಮೊದಲಕ್ಷರ ದೀರ್ಘ, ಎರಡನೆಯದು ಲಕಾರ. ಛಂದಸ್ಸಿನ ತರಗತಿಯಲ್ಲಿ ಇದಕ್ಕೆ ಗಜಪ್ರಾಸ ಎನ್ನುತ್ತೇವೆ. ಬರೆದವರಿಗೆ ಆ ಹೆಸರು ಗೊತ್ತಿತ್ತೋ ಇಲ್ಲವೋ, ರಿಫ್ ಮರಳಿ ಶುರುವಾಗುವ ಜಾಗದಲ್ಲೇ ಪ್ರಾಸವೂ ಮರಳುತ್ತಿತ್ತು. ಇಂಗ್ಲಿಷ್ ಹಾಡುಗಳ ಅಂತ್ಯಪ್ರಾಸ ಅಲ್ಲಿ ಮಾಡಲಾಗದ ಕೆಲಸವನ್ನು ಆದಿಪ್ರಾಸ ಮಾಡುತ್ತಿತ್ತು.

ಇದೆಲ್ಲ ಎರವಲು ಕೋಪ, ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳ ಸದ್ದು ನಮ್ಮ ಮಧ್ಯಮವರ್ಗದ ಹುಡುಗರಿಗೆ ಯಾಕೆ ಎಂದು ಗೆಳೆಯರು ಕೇಳುತ್ತಾರೆ. ಕಾರ್ಖಾನೆಯ ಮಾತು ನಿಜವೇ. ಬ್ಲ್ಯಾಕ್ ಸಬತ್‌ನ ಟೋನಿ ಐಯೋಮಿ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡವನು. ಗಾಯದ ಬೆರಳಿಗೆ ಒಗ್ಗಲೆಂದು ಹಗುರ ತಂತಿ ಕಟ್ಟಿದ, ಮುಂದೆ ಅವುಗಳ ಬಿಗಿ ಸಡಿಲಿಸಿ ಶ್ರುತಿ ಇಳಿಸಿದ. ಆ ಭಾರವಾದ ನಾದದ ಹಿಂದೆ ಒಂದು ಊರಿನ ಕೆಲಸವಿದೆ. ಹಾಗಿದ್ದರೆ ಕೇಳಬೇಕಾದ್ದು, ನಮ್ಮ ಊರು ನಮ್ಮ ಗಂಟಲಿಗೆ ಏನು ಮಾಡಿದೆ ಎಂದು. ಮೊದಲ ಹಾಡಿನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಅದರ ರುದ್ರಭೂಮಿ ಯಾವ ಊರಿನದೂ ಆಗಿರಲಿಲ್ಲ. ಎರಡನೆಯದರ ಬಳಿ ಇತ್ತು. ನವ್ಯದ ಕಾವ್ಯ ಆಡುಮಾತಿನ ಕಡೆ ಹೊರಳಿ ಎಷ್ಟೋ ದಶಕಗಳಾದ ಮೇಲೂ ಸಿಟ್ಟು ಬಂದ ಕೂಡಲೇ ನಾವು ಸಂಸ್ಕೃತಕ್ಕೋ ಸಿನಿಮಾ ಡೈಲಾಗಿಗೋ ಓಡುತ್ತೇವೆ. ಇಲ್ಲಿ ಸಿಟ್ಟು ಓನರ್ ಮನೆಯ ಗೇಟಿನ ಮುಂದೆಯೇ ನಿಂತಿತ್ತು.

ಪಲ್ಲವಿ ಎರಡನೆಯ ಸಲ ಬರುವಷ್ಟರಲ್ಲಿ ಇಡೀ ಬಾರು ಕೂಗುತ್ತಿತ್ತು. ಅವರಲ್ಲಿ ಅರ್ಧದಷ್ಟು ಜನರಿಗೆ ಕನ್ನಡ ಬರುವಂತಿರಲಿಲ್ಲ. ಹಾಡುಗಳ ನಡುವೆ ಕೇಳಿಬಂದದ್ದು ಮಲಯಾಳ, ಹಿಂದಿ, ತಮಿಳು. ಆದರೆ ಈ ಊರಿನಲ್ಲಿ ಬಾಡಿಗೆಗಿದ್ದವರಿಗೆ ‘ಖಾಲಿ ಮಾಡ್’ ಅನುವಾದಿಸಿ ಹೇಳಬೇಕಿಲ್ಲ. ಹಾಡಿನ ನಿಜವಾದ ಗಟ್ಟಿತನ ಇಲ್ಲಿದೆ, ಅಪಾಯವೂ ಇಲ್ಲೇ. ಆ ಎರಡು ಪದ ಓನರ್‌ನವು. ಗುರುಗುಟ್ಟುವ ದನಿ ಹೊರಹಾಕುವವನದೋ, ಹೊರಬಿದ್ದವನದೋ? ಹೊರಗಿನವರನ್ನು ಕುರಿತು ಈ ನಗರ ಬೇರೆ ಸಂದರ್ಭಗಳಲ್ಲಿ ಕೂಗುವ ಮಾತೂ ಇದರ ಹತ್ತಿರದ್ದೇ. ಹೊರಗಿನವರೂ ಒಳಗಿನವರೂ ಒಟ್ಟಾಗಿ, ತಮ್ಮನ್ನೇ ಓಡಿಸುವ ಮಾತನ್ನು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಎರಡು ನಿಮಿಷದ ಮಟ್ಟಿಗೆ ಆ ಮಾತು ಯಾರ ಸ್ವತ್ತೂ ಆಗಿರಲಿಲ್ಲ. ಅಕ್ಷರಶಃ ಬೇವರ್ಸಿ.

ತಂಡಕ್ಕೆ ಮಾತ್ರ ಈ ಅನಿಶ್ಚಿತತೆಯನ್ನು ತಾಳಿಕೊಳ್ಳಲಾಗಲಿಲ್ಲ. ಕೊನೆಯ ಚರಣದಲ್ಲಿ ಗಾಯಕ ಗ್ರೌಲ್ ಬಿಟ್ಟು ಶುದ್ಧ ದನಿಯಲ್ಲಿ, ಸ್ವಚ್ಛ ಗ್ರಾಂಥಿಕ ಕನ್ನಡದಲ್ಲಿ, ನಾವು ಹೋಗೆವು, ಈ ನೆಲ ಎಲ್ಲರದು ಎಂಬ ಭಾವದ ನಾಲ್ಕು ಸಾಲು ಹಾಡಿದ. ಉಕಾರಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಮರಳಿದ್ದವು. ಕೂಗುತ್ತಿದ್ದವರು ಸುಮ್ಮನಾಗಿ ಫೋನು ತೆಗೆದು ವಿಡಿಯೊ ಮಾಡಿಕೊಳ್ಳತೊಡಗಿದರು. ರೆಕಾರ್ಡ್ ಮಾಡುವಾಗ ಆ ನಾಲ್ಕು ಸಾಲು ಕಿತ್ತುಹಾಕಿ, ಎರಡನೆಯ ಪಲ್ಲವಿಯ ‘ಮಾಡ್’ ಮೇಲೆಯೇ ನಿಲ್ಲಿಸಿದರೆ ಸಾಕು.