ಮುಳ್ಳು ಇಳಿದರೆ ಒಳ್ಳೆಯದೇ

ಸೂಪರ್‌ಚಾರ್ಜರ್ ಇರುವ ಕಾರಿಗೆ, ಇಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಒಳ್ಳೆಯ ಕೂಲರ್ ಹಾಕಿಸಿದ ಮರುದಿನ ಬೂಸ್ಟ್ ಮೀಟರಿನ ಮುಳ್ಳು ಮೊದಲಿಗಿಂತ ಕೆಳಗೆ ನಿಲ್ಲುತ್ತದೆ. ಮಾಲೀಕನಿಗೆ ಗಾಬರಿ. ಎಲ್ಲೋ ಗಾಳಿ ಸೋರುತ್ತಿದೆ ಎಂದು ಪೈಪಿನ ಕ್ಲಿಪ್ಪುಗಳನ್ನೆಲ್ಲ ಬಿಗಿಸುತ್ತಾನೆ, ಬೆಲ್ಟು ಜಾರುತ್ತಿದೆಯೇ ಎಂದು ಬಗ್ಗಿ ನೋಡುತ್ತಾನೆ, ಕೊನೆಗೆ ಕೂಲರ್ ಮಾರಿದವನಿಗೆ ಫೋನ್ ಮಾಡಿ ಬೈಯುತ್ತಾನೆ. ಬೈಸಿಕೊಂಡವನದು ಸಾಮಾನ್ಯವಾಗಿ ಏನೂ ತಪ್ಪಿರುವುದಿಲ್ಲ. ಕೂಲರ್ ತನ್ನ ಕೆಲಸ ಮಾಡುತ್ತಿದೆ, ಅದಕ್ಕೇ ಮುಳ್ಳು ಇಳಿದಿದೆ.

ಟರ್ಬೊ ಕಾರುಗಳಲ್ಲಿ ಪಳಗಿದವರಿಗೆ ಇದು ಬೇಗ ತಲೆಗೆ ಹತ್ತುವುದಿಲ್ಲ. ಟರ್ಬೊದಲ್ಲಿ ಒತ್ತಡವನ್ನು ಹಿಡಿದಿಡಲು ವೇಸ್ಟ್‌ಗೇಟ್ ಇದೆ. ಗಾಳಿ ತಣ್ಣಗಾದಷ್ಟೂ ಅದೇ ಒತ್ತಡದಲ್ಲಿ ಹೆಚ್ಚು ಗಾಳಿ ಇಂಜಿನ್ನಿನೊಳಗೆ ಹೋಗುತ್ತದೆ. ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್, ಅಂದರೆ ಬ್ಲೋವರ್, ಹಾಗಲ್ಲ. ಬೆಲ್ಟಿನಿಂದ ತಿರುಗುವ ಅದು ಸುತ್ತಿಗಿಷ್ಟು ಎಂದು ಗಾಳಿಯನ್ನು ಅಳೆದು ತಳ್ಳುತ್ತದೆ. ಆ ಗಾಳಿ ಮುಂದೆ ಬಿಸಿಯಾಗಿ ಉಳಿದರೆ ಹಿಗ್ಗಿ ಒತ್ತಡ ಏರುತ್ತದೆ, ತಣಿದರೆ ಇಳಿಯುತ್ತದೆ. ಸಿಲಿಂಡರ್ ಸೇರುವ ಗಾಳಿಯ ತೂಕ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಹೊರಗೆ 27 ಡಿಗ್ರಿ ಸೆಲ್ಸಿಯಸ್. ಬ್ಲೋವರ್ ಅರ್ಧ ಬಾರ್ ಬೂಸ್ಟ್ ಕೊಡುತ್ತಿದೆ, ಅದರ ದಕ್ಷತೆ ಶೇ 60. ಗಾಳಿ ಹೊರಬೀಳುವಾಗ ಸುಮಾರು 88 ಡಿಗ್ರಿ ಇರುತ್ತದೆ. ಒತ್ತಡ ಒಂದೂವರೆ ಪಟ್ಟಾದರೂ ಬಿಸಿಯ ದೆಸೆಯಿಂದ ಸಾಂದ್ರತೆ ಏರಿದ್ದು ಕಾಲುಪಾಲು ಮಾತ್ರ. ಈ ಗಾಳಿಯನ್ನು 45 ಡಿಗ್ರಿಗೆ ಇಳಿಸಿದರೆ ಮೀಟರ್ ತೋರಿಸುವುದು 0.3 ಬಾರ್ ಆಸುಪಾಸು. ಶಕ್ತಿ ತಾನಾಗಿ ಜಿಗಿಯುವುದಿಲ್ಲ. ಆದರೆ ಇಂಜಿನ್ ನಾಕ್ ಆಗುವ ಭಯ ಕಡಿಮೆಯಾಗುತ್ತದೆ, ಕಂಪ್ಯೂಟರ್ ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆಳೆಯಬೇಕಾಗಿಲ್ಲ, ಬ್ಲೋವರ್ ತಿರುಗಿಸಲು ಬೇಕಾದ ಶ್ರಮವೂ ತಗ್ಗುತ್ತದೆ. ಆಮೇಲೆ ಬ್ಲೋವರಿಗೆ ಚಿಕ್ಕ ಪುಲ್ಲಿ ಹಾಕಿ ಮತ್ತೆ ಅರ್ಧ ಬಾರಿಗೆ ತಂದರೆ ಹೆಚ್ಚುವರಿ ಗಾಳಿ ಕಾಲುಪಾಲಲ್ಲ, ಮೂರನೇ ಒಂದು ಪಾಲನ್ನೂ ದಾಟುತ್ತದೆ. ಕೂಲರ್ ಕೊಡುವುದು ಅವಕಾಶ. ಶಕ್ತಿ ಬರುವುದು ಪುಲ್ಲಿ ಮತ್ತು ಟ್ಯೂನಿಂಗ್‌ನಿಂದ. ಹಾಕಿಸಿದ ಕೂಡಲೇ ಇಷ್ಟು ಕುದುರೆಶಕ್ತಿ ಹೆಚ್ಚುತ್ತದೆ ಎನ್ನುವ ಜಾಹೀರಾತುಗಳನ್ನು ನಾನು ಪೂರ್ತಿ ಓದುವುದಿಲ್ಲ.

ಇದೇನೂ ಹೊಸ ವಿದ್ಯೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಫೋಕ್-ವುಲ್ಫ್ 190 ವಿಮಾನಕ್ಕೆ ಉತ್ತರವಾಗಿ 1942ರಲ್ಲಿ ಬಂದ ಬ್ರಿಟಿಷರ ಸ್ಪಿಟ್‌ಫೈರ್ ಮಾರ್ಕ್ 9ರ ಮೆರ್ಲಿನ್ ಇಂಜಿನ್ನಿನಲ್ಲಿ ಸೂಪರ್‌ಚಾರ್ಜರ್ ಎರಡು ಹಂತದ್ದು. ಗಾಳಿ ಎರಡು ಸಲ ಹಿಂಡಿಸಿಕೊಂಡು ಅಷ್ಟು ಬಿಸಿಯಾಗುತ್ತಿದ್ದುದರಿಂದ ಅದನ್ನು ತಣಿಸಲು ಪ್ರತ್ಯೇಕ ದ್ರವದ ಕೂಲರ್ ಇಡಲೇಬೇಕಾಯಿತು. ಇದರ ಹಿಂದಿದ್ದ ಇಂಜಿನಿಯರ್ ಸ್ಟ್ಯಾನ್ಲಿ ಹೂಕರ್ ಓದಿದ್ದು ಗಣಿತ, ಪಳಗಿದ್ದು ಇಂಜಿನ್ನಿನಲ್ಲಿ.

ಕಾರುಗಳಲ್ಲಿ ಕೂಲರ್ ಬೇಕೇ ಬೇಡವೇ, ಬೇಕಾದರೆ ಗಾಳಿಯದೋ ನೀರಿನದೋ ಎಂಬ ಆಯ್ಕೆಯ ಕಷ್ಟಸುಖ ತಿಳಿಯಬೇಕಿದ್ದರೆ ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಹೆಥೆಲ್‌ನಲ್ಲಿರುವ ಲೋಟಸ್ ಕಾರ್ಖಾನೆಯ ಕಾರುಗಳನ್ನು ನೋಡಬೇಕು. ಒಂದೇ ಮನೆಯವರು ಒಂದೇ ಸಮಸ್ಯೆಗೆ ಮೂರು ಉತ್ತರ ಕೊಟ್ಟಿದ್ದಾರೆ. 2006ರ ಎಕ್ಸೀಜ್ ಎಸ್‌ನಲ್ಲಿ ಸೀಟಿನ ಹಿಂದೆ ಟೊಯೋಟಾದ 1.8 ಲೀಟರ್ ಇಂಜಿನ್, ಅದಕ್ಕೆ ಈಟನ್ ಎಂ62 ಬ್ಲೋವರ್, ಮೇಲೆ ಗಾಳಿಯಿಂದಲೇ ತಣಿಯುವ ಇಂಟರ್‌ಕೂಲರ್. ಚಾವಣಿಯ ಮೇಲಿನ ಸ್ಕೂಪ್ ಅದಕ್ಕೆ ಗಾಳಿ ಉಣಿಸುತ್ತದೆ. ಒಳಗಿನ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಬೇಕಾದ ಜಾಗದಲ್ಲಿ ಇಂಟರ್‌ಕೂಲರ್ ಕಾಣುತ್ತದೆ. ಕೊಂಡವರಾರೂ ಅದಕ್ಕಾಗಿ ಕೊರಗಿದ್ದು ನಾನು ಕೇಳಿಲ್ಲ. 2008ರ ಎಲೀಸ್ ಎಸ್‌ಸಿಯಲ್ಲಿ ಅದೇ ಇಂಜಿನ್, ಬ್ಲೋವರ್ ಮತ್ತು ಇನ್‌ಟೇಕ್ ಮ್ಯಾನಿಫೋಲ್ಡ್ ಒಂದೇ ಅಚ್ಚು, ಕೂಲರೇ ಇಲ್ಲ. ಎರಡರ ಶಕ್ತಿಯೂ ಸುಮಾರು 218 ಕುದುರೆ. ಬೂಸ್ಟ್ ಮಿತವಾಗಿದ್ದರೆ, ಹವೆ ತಂಪಾಗಿದ್ದರೆ ಕೂಲರ್ ಇಲ್ಲದೆಯೂ ನಡೆಯುತ್ತದೆ ಎಂದು ಕಾರ್ಖಾನೆಯೇ ತೋರಿಸಿಕೊಟ್ಟ ಹಾಗಾಯಿತು. ಮೂರನೆಯದು ಎವೋರಾ. 2010ರ ಎವೋರಾ ಎಸ್‌ನ 3.5 ಲೀಟರ್ ವಿ6 ಕೂಲರ್ ಇಲ್ಲದೆ 345 ಕುದುರೆಶಕ್ತಿ ಕೊಡುತ್ತಿತ್ತು. 2015ರ ಎವೋರಾ 400ಕ್ಕೆ ಹೊಸ ಬ್ಲೋವರ್ ಬಂತು, ಅದರೊಳಗೇ ನೀರಿನ ಚಾರ್ಜ್‌ಕೂಲರ್ ಕೂತಿತು. ಹೆಸರೇ ಹೇಳುವಂತೆ ಶಕ್ತಿ 400. ನೀರಿನ ಚಾರ್ಜ್‌ಕೂಲರ್ ಲೋಟಸ್‌ಗೆ ಅಪರಿಚಿತವೂ ಅಲ್ಲ. 1989ರಲ್ಲಿಯೇ ಎಸ್ಪ್ರಿ ಟರ್ಬೊ ಎಸ್‌ಇಯಲ್ಲಿ ಅದನ್ನು ಬಳಸಿದ್ದರು.

ಹಾಗಾದರೆ ಗಾಳಿಯೋ, ನೀರೋ? 218 ಕುದುರೆಯ ಆ ಪುಟ್ಟ ಇಂಜಿನ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು 10 ಕಿಲೋ ಗಾಳಿ ನುಂಗುತ್ತದೆ. ಅಷ್ಟು ಗಾಳಿಯನ್ನು 88ರಿಂದ 45 ಡಿಗ್ರಿಗೆ ಇಳಿಸಲು 7 ಕಿಲೋವಾಟ್ ಶಾಖ ಹೊರಹಾಕಬೇಕು. ನಮ್ಮ ಬಚ್ಚಲುಮನೆಯ ಮೂರು ಗೀಸರುಗಳನ್ನು ಒಟ್ಟಿಗೆ ಹಾಕಿದಷ್ಟು ಅದು. ಚಾರ್ಜ್‌ಕೂಲರ್‌ನಲ್ಲಿ 5 ಲೀಟರ್ ನೀರಿದೆ ಎಂದುಕೊಳ್ಳಿ. ಹತ್ತು ಸೆಕೆಂಡು ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದರೆ, ಆ ಶಾಖವೆಲ್ಲ ನೀರಿಗೇ ಸೇರಿದರೂ, ಅದು ಬಿಸಿಯಾಗುವುದು ಮೂರು ಡಿಗ್ರಿಯಷ್ಟೇ. ಮುಂದಿನ ಲಾರಿಯನ್ನು ದಾಟಿ ಕಾಲು ಸಡಿಲಿಸುವುದಕ್ಕೆ ಅಷ್ಟು ಹೊತ್ತು ಧಾರಾಳವಾಯಿತು. ರಸ್ತೆಯಲ್ಲಿ ಓಡುವ ಕಾರಿಗೆ ನೀರಿಗಿಂತ ಉತ್ತಮವಾದದ್ದಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ನಿನ ಮೇಲೆ ಕುಳಿತ ಗಾಳಿ ಕೂಲರ್ ಕೆಳಗಿನ ಕಾವನ್ನೆಲ್ಲ ಹೀರಿಕೊಂಡಿರುತ್ತದೆ. ಬಾನೆಟ್ಟಿನ ಸ್ಕೂಪಿನಿಂದ ಉಸಿರಾಡುವ, ಬಿಎಂಡಬ್ಲ್ಯು ಕಾಲದ ಮೊದಲ ಮಿನಿ ಕೂಪರ್ ಎಸ್‌ನ ಮಾಲೀಕರಿಗೆ ಇದು ಚೆನ್ನಾಗಿ ಗೊತ್ತು. ಹಸಿರು ದೀಪ ಬಿದ್ದು ಕಾರು ಓಡಿ, ಗಾಳಿ ಸರಿಯಾಗಿ ಹರಿಯತೊಡಗುವ ತನಕ ಮಂಕುತನ.

ರೇಸ್ ಟ್ರ್ಯಾಕಿಗೆ ಹೋದರೆ ಮಾತು ಬದಲಾಗುತ್ತದೆ. ಅಲ್ಲಿ ಇಪ್ಪತ್ತು ನಿಮಿಷದ ಓಟದಲ್ಲಿ ಅರ್ಧ ಹೊತ್ತು ಕಾಲು ನೆಲಕ್ಕೆ ಒತ್ತಿರುತ್ತದೆ. ಎರಡೇ ಸುತ್ತಿನಲ್ಲಿ ಆ 5 ಲೀಟರ್ ನೀರಿನ ತಾಳ್ಮೆ ಮುಗಿಯುತ್ತದೆ. ಆಮೇಲೆ ಎಲ್ಲ ಭಾರ ಕಾರಿನ ಮೂತಿಯಲ್ಲಿರುವ ಪುಟ್ಟ ರೇಡಿಯೇಟರ್ ಮೇಲೆ. ಗಾಳಿಯ ಬಿಸಿ ಮೊದಲು ನೀರಿಗೆ, ನೀರಿನದು ಮತ್ತೆ ಹೊರಗಾಳಿಗೆ ದಾಟಬೇಕು; ಎರಡು ಕಡೆಯೂ ತಾಪದ ಅಂತರ ಇದ್ದರೆ ಮಾತ್ರ ಅದು ದಾಟುತ್ತದೆ. ಗಾಳಿ ಕೂಲರ್‌ನಲ್ಲಿ ಈ ದಾಟುವಿಕೆ ಒಂದೇ ಸಲ. ಒಳ್ಳೆಯ ಡಕ್ಟಿಂಗ್ ಇದ್ದು ಕಾರು ಸತತ ವೇಗದಲ್ಲಿದ್ದರೆ ದೊಡ್ಡ ಗಾಳಿ ಕೂಲರ್ ನೀರಿನದಕ್ಕಿಂತ ಹೊರಗಾಳಿಯ ತಾಪಕ್ಕೆ ಹತ್ತಿರ ಹೋಗುತ್ತದೆ. ಪಂಪು ಕೆಡುವುದಿಲ್ಲ, ನೀರು ಸೋರುವುದಿಲ್ಲ, ತೂಕವೂ ಕಡಿಮೆ. ಒಂಬೈನೂರು ಕಿಲೋ ಆಸುಪಾಸಿನ ಕಾರಿನಲ್ಲಿ ನೀರು, ಪಂಪು, ಎರಡನೇ ರೇಡಿಯೇಟರುಗಳ ಭಾರ ಸಣ್ಣ ವಿಷಯವಲ್ಲ.

ನೀರಿನದೇ ಬೇಕೆಂದರೆ ದುಡ್ಡು ಎಲ್ಲಿ ಸುರಿಯಬೇಕು ಎಂಬುದು ಮುಖ್ಯ. ಜನ ಇಂಜಿನ್ ಮೇಲೆ ಫಳಫಳ ಹೊಳೆಯುವ ಕೂಲರ್ ಪೆಟ್ಟಿಗೆಗೆ ಸುರಿಯುತ್ತಾರೆ, ಬಾನೆಟ್ ಎತ್ತಿದರೆ ಕಾಣುವುದು ಅದೇ ತಾನೇ. ನನ್ನ ಕೇಳಿದರೆ ಮೊದಲು ಮುಂದಿನ ರೇಡಿಯೇಟರ್, ಆಮೇಲೆ ಪಂಪು, ಉಳಿದರೆ ಪೆಟ್ಟಿಗೆ. 7 ಕಿಲೋವಾಟ್ ಶಾಖ ಹೊತ್ತ ನೀರು ಒಂದು ಸುತ್ತಿನಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚು ಏರಬಾರದೆಂದರೆ ನಿಮಿಷಕ್ಕೆ 10 ಲೀಟರ್ ಹರಿಯಬೇಕು. ಪಂಪಿನ ಡಬ್ಬಿಯ ಮೇಲೆ ಬರೆದಿರುವ ಅಂಕಿ ಅಡೆತಡೆಯಿಲ್ಲದ ಹರಿವಿನದು. ಮೀಟರುಗಟ್ಟಲೆ ಪೈಪು, ಎರಡು ಕೋರುಗಳನ್ನು ಹಾಯ್ದು ಬರುವಾಗ ಅದರಲ್ಲಿ ಎಷ್ಟೋ ಸೋತುಹೋಗಿರುತ್ತದೆ. ಈ ನೀರನ್ನು ಇಂಜಿನ್ನಿನ ನೀರಿನ ಜೊತೆ ಸೇರಿಸುವ ಯೋಚನೆ ಯಾರಾದರೂ ಕೊಟ್ಟರೆ ಆ ಗ್ಯಾರೇಜಿನಿಂದ ಕಾರು ತೆಗೆದುಕೊಂಡು ಬನ್ನಿ. 90 ಡಿಗ್ರಿಯ ನೀರು 88 ಡಿಗ್ರಿಯ ಗಾಳಿಯನ್ನು ಏನು ತಣಿಸೀತು? ನೀರಿನ ಸರ್ಕ್ಯೂಟಿನ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಹೆಡರ್ ಟ್ಯಾಂಕ್ ಇಟ್ಟು ಗಾಳಿಗುಳ್ಳೆ ಪೂರ್ತಿ ತೆಗೆಯಬೇಕು. ನೀರಿನ ತಾಪ ತೋರಿಸುವ ಒಂದು ಮೀಟರೂ ಬೇಕು, ಏಕೆಂದರೆ ಈ ಪಂಪು ನಿಂತರೆ ಇಂಜಿನ್ನಿನ ಟೆಂಪರೇಚರ್ ಮುಳ್ಳು ಅಲುಗಾಡುವುದೂ ಇಲ್ಲ.

ಇನ್ನೂ ಮುಂದಕ್ಕೆ ಹೋದವರಿದ್ದಾರೆ. ಅಮೆರಿಕದ ಡಾಡ್ಜ್ ಕಂಪನಿ 2018ರ ಚಾಲೆಂಜರ್ ಡೀಮನ್‌ನಲ್ಲಿ ಏಸಿಯ ತಂಪನ್ನೇ ಚಾರ್ಜ್‌ಕೂಲರ್ ನೀರಿನ ಕಡೆ ತಿರುಗಿಸಿತು. ಕಾಲು ಮೈಲಿ ಓಡಿ ನಿಲ್ಲುವ ಕಾರಿಗೆ ಅದು ಜಾಣ ಉಪಾಯ, ಟ್ರ್ಯಾಕಿನ ಕಾರಿಗೆ ವ್ಯರ್ಥ ಭಾರ. ನೀರು-ಮೆಥನಾಲ್ ಸಿಂಪಡಿಸುವ ಕಿಟ್ಟುಗಳೂ ಇವೆ. ನೀರು ಆವಿಯಾಗುವಾಗ ಕಿಲೋಗೆ 2,257 ಕಿಲೋಜೂಲ್ ಶಾಖ ಹೀರುತ್ತದೆ, ಆದ್ದರಿಂದ ಕೆಲಸವೇನೋ ಚೆನ್ನಾಗಿ ಮಾಡುತ್ತವೆ. ಆದರೆ ಟ್ಯಾಂಕ್ ಬರಿದಾದ ಕ್ಷಣ ಅದನ್ನೇ ನೆಚ್ಚಿಕೊಂಡ ಟ್ಯೂನಿಂಗ್ ಅಪಾಯಕ್ಕೆ ಬೀಳುತ್ತದೆ. ನಾನು ಹಾಕಿಸುವುದಿಲ್ಲ.

ನಮ್ಮ ರಸ್ತೆಗಳಲ್ಲಿ ಸೂಪರ್‌ಚಾರ್ಜರ್ ಕಾರೆಂದರೆ ಬಾಲದಲ್ಲಿ ‘ಕಾಂಪ್ರೆಸರ್’ ಎಂದು ಬರೆದ ಹಳೆಯ ಮರ್ಸಿಡಿಸ್ ಸಿ-ಕ್ಲಾಸ್ ಅಷ್ಟಿಷ್ಟು ಕಂಡೀತು. ಅಂಥದ್ದು ಇಟ್ಟುಕೊಂಡವರು ಪುಲ್ಲಿಗೆ ಕೈಹಾಕುವ ಮೊದಲು ವಾಹನದ ಮಾರ್ಪಾಡನ್ನು ಕುರಿತ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದುವುದು ಕ್ಷೇಮ. ಹೊರದೇಶದಲ್ಲಿ ಎಕ್ಸೀಜ್, ಎಲೀಸ್ ಇಟ್ಟುಕೊಂಡ ಓದುಗರು ಇನ್ನೊಂದು ಕೆಲಸ ಮಾಡಬೇಕು. ಇನ್‌ಟೇಕ್ ಗಾಳಿಯ ತಾಪ ಅಳೆಯುವ ಸೆನ್ಸರ್ ಕೂಲರ್ ಆದಮೇಲೆ, ಅಂದರೆ ತಂಪು ಬದಿಯಲ್ಲಿದೆಯೇ ನೋಡಿಕೊಳ್ಳಿ. ಓಬಿಡಿ ಪೋರ್ಟಿಗೆ ಒಂದು ಅಗ್ಗದ ರೀಡರ್ ಸಿಕ್ಕಿಸಿ, ನೀವು ನಿಜಕ್ಕೂ ಓಡಿಸುವ ಹಾಗೆಯೇ ಇಪ್ಪತ್ತು ನಿಮಿಷ ಓಡಿಸಿ. ಕೊನೆಯಲ್ಲಿಯೂ ಆ ತಾಪ ಹೊರಗಾಳಿಗಿಂತ 25 ಡಿಗ್ರಿಯೊಳಗೇ ಇದ್ದರೆ ಕೂಲರಿನ ದುಡ್ಡನ್ನು ಟೈರಿಗೆ ಹಾಕಿ.