ವಾರದ ಹೂವು, ಆರು ತಿಂಗಳ ತೊಗಟೆ

ಟೊರಾಂಟೊದ ಹೈ ಪಾರ್ಕಿನಲ್ಲಿ ಚೆರ್ರಿ ಅರಳಿತೆಂದರೆ ಊರಿಗೆ ಊರೇ ಅಲ್ಲಿ ನೆರೆಯುತ್ತದೆ. 1959ರಲ್ಲಿ ಟೋಕಿಯೊ ನಗರದ ಜನರ ಹೆಸರಿನಲ್ಲಿ ಬಂದ ಸೊಮೆಯ್ ಯೊಶಿನೊ ಮರಗಳ ಕಾಣಿಕೆಯಿಂದ ಶುರುವಾದ ಸಂಭ್ರಮ ಅದು. ನೋಡಿ ಬಂದವರಿಗೆ ನಮ್ಮ ಹಿತ್ತಿಲಲ್ಲೂ ಅಂಥದೊಂದಿರಲಿ ಎನಿಸದೆ ಇರದು. ಆದರೆ ಆ ಹಿತ್ತಿಲು ಪ್ರೇರಿ ಸೀಮೆಯ ವಿನ್ನಿಪೆಗ್‌ನಲ್ಲೋ ಸಸ್ಕಟೂನ್‌ನಲ್ಲೋ ಇದ್ದರೆ ದಯವಿಟ್ಟು ತಡೆಯಿರಿ. ದೊಡ್ಡ ಸರೋವರದ ಮಗ್ಗುಲಲ್ಲಿರುವ ಟೊರಾಂಟೊದ ಚಳಿಯೇ ಬೇರೆ, ಮೈನಸ್ 35 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಪ್ರೇರಿ ಬಯಲಿನ ಚಳಿಯೇ ಬೇರೆ.

ನರ್ಸರಿಯ ಚಿತ್ರಗಳಲ್ಲಿ ಕಣ್ಸೆಳೆಯುವ ಗುಲಾಬಿ ಬಣ್ಣದ, ಒತ್ತೆಸಳಿನ ಕಾನ್ಜಾನ್ ಚೆರ್ರಿ ಮೈನಸ್ 28ರ ಆಸುಪಾಸಿನವರೆಗೆ ತಾಳೀತು. ಅದರಾಚೆ ಮೊದಲು ಸಾಯುವುದು ಹೂಮೊಗ್ಗು. ಎಲೆಮೊಗ್ಗಿಗಿಂತ ಅದು ನಾಜೂಕು. ವಸಂತದಲ್ಲಿ ಮರ ಚಿಗುರುತ್ತದೆ, ಹೂ ಮಾತ್ರ ಇಲ್ಲ. ಹೂವಿಗೆಂದೇ ನೆಟ್ಟವರ ಸಂಕಟ ನನಗೆ ಅರ್ಥವಾಗುತ್ತದೆ. ಸಾಲದ್ದಕ್ಕೆ ಇಂಥ ಹೂಚೆರ್ರಿಗಳು ಸಾಮಾನ್ಯವಾಗಿ ಕಸಿ ಗಿಡಗಳು. ಕಸಿಯ ಗಂಟಿನವರೆಗೂ ಚಳಿ ತಿಂದುಹಾಕಿದರೆ ಬುಡದಿಂದ ಮತ್ತೆ ಏಳುವುದು ನೀವು ದುಡ್ಡು ಕೊಟ್ಟ ಜಾತಿಯಲ್ಲ.

ಇಲ್ಲಿಯೇ ಪೊದೆ ಗೆಲ್ಲುವುದು. ನಾನ್‌ಕಿಂಗ್ ಚೆರ್ರಿಗೆ ಮೈನಸ್ 40 ಕೂಡ ಹೊಸತಲ್ಲ. ಬೀಜದಿಂದ ಬೆಳೆಸಿದ ಗಿಡವಾದರೆ ಸ್ವಂತ ಬೇರು, ಬುಡದಿಂದಲೇ ಹಲವು ಕಾಂಡ. ಒಂದು ಒಣಗಿದರೆ ಇನ್ನೊಂದು ಎದ್ದೀತು. ಕೆಳಗಿನ ಕೊಂಬೆಗಳಿಗೆ ಹಿಮವೇ ಕಂಬಳಿ. ಎರಡು ಮೂರು ಮೀಟರಿಗಿಂತ ಮೇಲೇರದ ಈ ಪೊದೆ, ಎಲೆ ಮೂಡುವ ಮುಂಚೆಯೇ ಕೊಂಬೆಗೆ ಅಂಟಿಕೊಂಡಂತೆ ಬೆಳ್ಳನೆಯ ಹೂ ತಳೆಯುತ್ತದೆ. ಬೇಸಿಗೆಗೆ ಕೆಂಪು ಹಣ್ಣು, ಹುಳಿಸಿಹಿ, ಜಾಮಿಗೆ ಹೇಳಿ ಮಾಡಿಸಿದ್ದು. ಹಣ್ಣು ಬೇಕೆಂದರೆ ಜೋಡಿ ಗಿಡ ನೆಡಿ, ಒಂಟಿ ಗಿಡ ಸರಿಯಾಗಿ ಕಾಯಿ ಕಚ್ಚುವುದಿಲ್ಲ. ನೇರಳೆಗೆಂಪು ಎಲೆಯ ಸ್ಯಾಂಡ್ ಚೆರ್ರಿಯನ್ನೂ ಮಾರುತ್ತಾರೆ; ಎಲೆ ಚೆಂದ, ಆಯುಸ್ಸು ಕಡಿಮೆ.

ಮರವೇ ಬೇಕೆನ್ನುವವರಿಗೆ ನನ್ನ ಆಯ್ಕೆ ಅಮೂರ್ ಚೆರ್ರಿ. ಇದರ ಬಿಳಿ ಹೂಗೊಂಚಲು ಸಾಧಾರಣ, ಒಪ್ಪುತ್ತೇನೆ. ಆದರೆ ತೊಗಟೆ! ಉಜ್ಜಿಟ್ಟ ತಾಮ್ರದ ಹೊಳಪು, ಕಾಗದದಷ್ಟು ತೆಳ್ಳಗೆ ಸುರುಳಿ ಬಿಚ್ಚುವ ಪದರ. ಸಂಜೆಯ ಓರೆಬಿಸಿಲು ಹಿಮದ ಮೇಲೆ ಬಿದ್ದಾಗ ಅದನ್ನು ನೋಡಬೇಕು. ಚೆರ್ರಿ ಹೂ ಇರುವುದು ವಾರ, ಹೆಚ್ಚೆಂದರೆ ಹತ್ತು ದಿನ. ಪ್ರೇರಿಯ ಚಳಿಗಾಲವೋ ಆರು ತಿಂಗಳು. ಅದಕ್ಕೇ ಈ ಮರವನ್ನು ಅಡುಗೆಮನೆಯ ಕಿಟಕಿಗೆ ಕಾಣುವಂತೆ ನೆಡಿ, ನೀರು ನಿಲ್ಲದ ಜಾಗದಲ್ಲಿ. ಹಗಲು ಕಾದ ಕಾಂಡ ರಾತ್ರಿ ಒಮ್ಮೆಲೇ ಹೆಪ್ಪುಗಟ್ಟಿ ಸೀಳುವುದುಂಟು. ಎಳೆಮರದ ಕಾಂಡಕ್ಕೆ ಮೊದಲ ಕೆಲವು ಚಳಿಗಾಲ ಬಿಳಿ ಪಟ್ಟಿ ಸುತ್ತಿ. ಮೊಲಗಳು ಹಿಮದ ಮೇಲೆ ನಿಂತು ತೊಗಟೆ ಮೆಲ್ಲುತ್ತವೆ, ಹಾಗಾಗಿ ಸುತ್ತ ಕಟ್ಟುವ ತಂತಿಬಲೆ ಹಿಮದ ಮಟ್ಟಕ್ಕಿಂತ ಅರ್ಧ ಮೀಟರಾದರೂ ಮೇಲಿರಲಿ.